ಮಂಜಿನೊಳಗಿನ ಬಿಳಿ ಲಂಗ

ಮಳೆ ಸ್ವಲ್ಪ ಹೊಳವಾದರೆ ಸಾಕು, ಮೂಡಿಗೆರೆ ಕಡೆಯಿಂದ ದೇವರಮನೆ ಗುಡ್ಡಕ್ಕೆ ಮದುವೆ ನಿಶ್ಚಯವಾದ ಜೋಡಿಗಳು ಬರತೊಡಗುತ್ತವೆ. ಕಾಲಭೈರವೇಶ್ವರನಿಗೆ ಕೈಮುಗಿದಾದ ಮೇಲೆ ಹುಡುಗಿ ನೆಲ ಗುಡಿಸುವ ಬಿಳಿ ಗೌನು ತೊಟ್ಟು ಮಂಜಿನೊಳಗೆ ಓಡುತ್ತಾಳೆ, ಹುಡುಗ ಕೈಚಾಚಿ ಹಿಂದೆ ಓಡುತ್ತಾನೆ. ಫೋಟೊಗ್ರಾಫರ್ ‘ಇನ್ನೊಂದ್ಸಲ’ ಅನ್ನುತ್ತಾನೆ. ನನ್ನ ಹಾಗೆ ಕುಣಿತದ ಹುಚ್ಚು ಹತ್ತಿಸಿಕೊಂಡವರಿಗೆ ಈ ದೃಶ್ಯದ ತವರು ಪ್ಯಾರಿಸ್ ಒಪೆರಾ ಎಂದೇ ಅನಿಸುತ್ತದೆ.

1832ರ ಮಾರ್ಚ್ 12ರಂದು ಅಲ್ಲಿ ‘ಲಾ ಸಿಲ್ಫೀಡ್’ ಬ್ಯಾಲೆ ರಂಗಕ್ಕೆ ಬಂತು. ಮಾರಿ ಟಾಗ್ಲಿಯೋನಿ ಬಿಳಿ ತೆಳುಬಟ್ಟೆಯ ಲಂಗ ತೊಟ್ಟು, ಕಾಲ್ಬೆರಳ ತುದಿಯಲ್ಲಿ ನಿಂತು, ಯಾರ ಕೈಗೂ ಸಿಗದ ವನಕನ್ಯೆಯಾದಳು. ಅವಳ ಬೆನ್ನುಹತ್ತುವ ಸ್ಕಾಟ್ಲೆಂಡಿನ ಯುವಕ ಹಾಗೆ ಓಡುವುದು ತನ್ನ ಮದುವೆಯ ದಿನವೇ! ರಂಗದ ಮೇಲಿನ ಬೆಳದಿಂಗಳು ಆಗ ತಾನೇ ಬಂದಿದ್ದ ಗ್ಯಾಸ್ ದೀಪದ ಕರಾಮತ್ತು. ಆ ದೀಪವೇ ಬಲಿಯನ್ನೂ ತೆಗೆದುಕೊಂಡಿತು. ಟಾಗ್ಲಿಯೋನಿಯ ಶಿಷ್ಯೆ ಎಮ್ಮಾ ಲಿವ್ರಿಯ ಲಂಗಕ್ಕೆ 1862ರ ತಾಲೀಮಿನಲ್ಲಿ ಕಿಡಿ ತಾಗಿತು. ಬೆಂಕಿ ಹಿಡಿಯದ ಹಾಗೆ ಬಟ್ಟೆಗೆ ಮದ್ದು ಹಾಕುವ ಉಪಾಯವೇನೋ ಇತ್ತು, ಆದರೆ ಲಂಗ ಪೆಡಸಾಗುತ್ತದೆಂದು ಅವಳೇ ಒಪ್ಪಿರಲಿಲ್ಲ. ತಿಂಗಳುಗಟ್ಟಲೆ ನರಳಿ, ಮರುವರ್ಷ ತೀರಿಕೊಂಡಳು.

1841ರಲ್ಲಿ ಬಂದ ‘ಜಿಸೆಲ್’ ಮಲೆನಾಡಿನವರಿಗೆ ಅರ್ಥ ಹೇಳಬೇಕಾದ ಕಥೆಯೇ ಅಲ್ಲ. ಮೋಸಹೋಗಿ, ಮದುವೆಗೆ ಮೊದಲೇ ಸತ್ತ ಹುಡುಗಿಯರು ‘ವಿಲಿ’ಗಳಾಗಿ ರಾತ್ರಿ ಕಾಡಿನಲ್ಲಿ ಎದ್ದು ಬರುತ್ತಾರೆ, ಸಿಕ್ಕಿದ ಗಂಡಸನ್ನು ಸಾಯುವ ತನಕ ಕುಣಿಸುತ್ತಾರೆ. ಘಾಟಿ ತಿರುವಿನ ಮೋಹಿನಿಯರಿಗೆ ಇವರು ಅಕ್ಕತಂಗಿಯರೇ. ವಿಲಿಗಳು ಕುಣಿಯುವ ಎರಡನೇ ಅಂಕದ ಈ ಬಿಳಿ ವೇಷವೇ ದೇವರಮನೆಯಲ್ಲಿ ಮದುವೆಯ ಆಲ್ಬಮ್ಮಿಗೆ ಏರುತ್ತಿದೆ. ಗೌನು ಬಾಡಿಗೆಗೆ ಕೊಡುವವರಿಗೆ ಯಾರೂ ಈ ಕಥೆ ಹೇಳದಿರುವುದೇ ಕ್ಷೇಮ.

‘ಜಿಸೆಲ್’ ಕಥೆ ಹೆಣೆದವರಲ್ಲಿ ಒಬ್ಬ ಕವಿ, ವಿಮರ್ಶಕ ಥಿಯೋಫಿಲ್ ಗೋಟಿಯೆ. ಅದಕ್ಕೆ ಮೂರು ವರ್ಷ ಮೊದಲು, 1838ರಲ್ಲಿ, ಪುದುಚೇರಿ ಬಳಿಯ ತಿರುವೇಂದಿಪುರದ ದೇವದಾಸಿಯರ ಮೇಳವೊಂದು ಪ್ಯಾರಿಸ್ಸಿನಲ್ಲಿ ಕುಣಿದಿತ್ತು. ಅದರಲ್ಲಿದ್ದ ಅಮ್ಮಣಿಯನ್ನು ಗೋಟಿಯೆ ಮೈಮರೆತು ಹೊಗಳಿ ಬರೆದ. ಟಾಗ್ಲಿಯೋನಿಯ ಪುಟ್ಟ ಪ್ರತಿಮೆ ಮಾಡಿದ್ದ ಶಿಲ್ಪಿ ಬಾರ್ ಅಮ್ಮಣಿಯದನ್ನೂ ಮಾಡಿದ. ಒಬ್ಬಳು ನೆಲವೇ ಬೇಡವೆಂಬಂತೆ ಮೇಲೇಳುವವಳು, ಇನ್ನೊಬ್ಬಳು ಮಂಡಿ ಬಾಗಿಸಿ ನೆಲಕ್ಕೆ ತಾಳ ಕೊಡುವವಳು. ಇಬ್ಬರೂ ಒಬ್ಬನ ಕೈಯಲ್ಲಿ ಕಂಚಾದದ್ದು ಆ ಕಾಲದ ಅತಿ ಚಂದದ ಆಕಸ್ಮಿಕ.

ಆದರೆ ಯುರೋಪು ಅಮ್ಮಣಿಯಿಂದ ಕಲಿತದ್ದೇನೂ ಕಾಣೆ. 1877ರಲ್ಲಿ ಮಾರಿಯುಸ್ ಪೆಟಿಪಾ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ‘ಲಾ ಬಯಾಡೇರ್’ ಕಟ್ಟಿದಾಗ ನಾಯಕಿ ಭಾರತದ ದೇವಾಲಯ ನರ್ತಕಿ ನಿಕಿಯಾ. ಬದುಕಿರುವಾಗ ಅವಳಿಗೆ ಬಣ್ಣದ ಉಡುಪುಂಟು. ಸತ್ತ ಮೇಲೆ ಅಫೀಮಿನ ಮಂಪರಿನಲ್ಲಿರುವ ಪ್ರಿಯಕರನಿಗೆ ಕಾಣುವುದು ಮಾತ್ರ ಅದೇ ಬಿಳಿ ಲಂಗದಲ್ಲಿ, ತನ್ನಂಥದೇ ನೆರಳುಗಳ ಸಾಲಿನೊಂದಿಗೆ. ಆ ಸಾಲು ಒಂದೊಂದೇ ಹೆಜ್ಜೆಯಿಟ್ಟು ಇಳಿಜಾರಿನಲ್ಲಿ ಇಳಿದು ಬರುವುದನ್ನು ಎಷ್ಟು ಸಲ ನೋಡಿದರೂ ನನಗೆ ತಣಿವಿಲ್ಲ. ಭಾರತ ಅದರಲ್ಲಿ ಎಳ್ಳಷ್ಟೂ ಇಲ್ಲ ಎಂಬುದೂ ಅಷ್ಟೇ ನಿಜ.

ನಮ್ಮ ಕಡೆಯವರು ಬ್ಯಾಲೆಯನ್ನು ಬೇರೆ ರೀತಿ ಎದುರುಗೊಂಡರು. ಶಿವರಾಮ ಕಾರಂತರು ಯಕ್ಷಗಾನದ ಮಾತು ಕಡಿಮೆ ಮಾಡಿ, ವಯಲಿನ್, ಸ್ಯಾಕ್ಸೊಫೋನ್ ಸೇರಿಸಿ ಯಕ್ಷಗಾನ ಬ್ಯಾಲೆ ಮಾಡಿದರು. ಅದರ ಜಗಳ ಇನ್ನೂ ಮುಗಿದಿಲ್ಲ, ಇಲ್ಲಿ ಎಬ್ಬಿಸುವುದೂ ಬೇಡ. ನನ್ನ ಒಲವು ಬೆಂಗಳೂರಿನಲ್ಲಿ 1912ರಲ್ಲಿ ಹುಟ್ಟಿದ ರಾಮ್ ಗೋಪಾಲ್ ಕಡೆಗೆ. ಕುಂಜು ಕುರುಪರಿಂದ ಕಥಕಳಿ, ಮೀನಾಕ್ಷಿಸುಂದರಂ ಪಿಳ್ಳೆಯವರಿಂದ ಭರತನಾಟ್ಯ ಕಲಿತ ಅವರು 1939ರಲ್ಲಿ ಲಂಡನ್ನಿನ ಆಲ್ಡ್‌ವಿಚ್ ಥಿಯೇಟರಿನಲ್ಲಿ ಕುಣಿದರು. 1960ರಲ್ಲಿ ಅಲಿಸಿಯಾ ಮಾರ್ಕೋವಾ ಜೊತೆ ‘ರಾಧಾ ಕೃಷ್ಣ’ ಮಾಡಿದರು. ಮಾರ್ಕೋವಾ ಎಂದರೆ ಬ್ರಿಟನ್ನಿಗೆ ಸ್ವಂತದ ಮೊದಲ ಜಿಸೆಲ್. ವಿಲಿಗಳ ಲಂಗ ಕಳಚಿಟ್ಟು, ಐವತ್ತರ ಹೊಸ್ತಿಲಲ್ಲಿ, ಆಕೆ ಬೆಂಗಳೂರಿನವರೊಬ್ಬರ ಎದುರು ರಾಧೆಯಾದರು. ನಿಕಿಯಾಗೆ ಪೆಟಿಪಾ ಮಾಡಿದ್ದರ ತಿರುಗುಮುರುಗು ಇದು.