‘ಪರದೇಶಿ’ ಶಬ್ದದ ಅರ್ಥವಿಚಾರವೂ ಕೊಡಗಿನ ರಾಜಪುತ್ರಿ ಗೌರಮ್ಮನ ವೃತ್ತಾಂತವೂ

ಸಂಸ್ಕೃತದಲ್ಲಿ ಪರದೇಶವೆಂದರೆ ಅನ್ಯದೇಶ, ಪರದೇಶಿಯೆಂದರೆ ಅನ್ಯದೇಶದವನು; ಇಷ್ಟೇ ಅರ್ಥ. ಶಬ್ದದಲ್ಲಿ ನಿಂದೆಯೂ ಇಲ್ಲ, ಕನಿಕರವೂ ಇಲ್ಲ. ಅದೇ ಶಬ್ದವು ಕನ್ನಡದ ಆಡುನುಡಿಗೆ ಬಂದಾಗ ದಿಕ್ಕಿಲ್ಲದವನು, ತಬ್ಬಲಿ, ಕೇಳುವವರಿಲ್ಲದವನು ಎಂಬ ಅರ್ಥವನ್ನು ತಾಳಿತು. ಹುಟ್ಟಿದ ಊರನ್ನು ಒಂದು ದಿನವೂ ಬಿಡದ, ತಾಯಿತಂದೆಗಳಿಲ್ಲದ ಕೂಸನ್ನು ಕೂಡ ಕನ್ನಡಿಗರು ‘ಪರದೇಶಿ’ ಎನ್ನುವರು. ಇಲ್ಲಿ ಮುಖ್ಯಾರ್ಥಕ್ಕೆ ಬಾಧೆ ಬಂದಿರುವುದು ಸ್ಪಷ್ಟ. ಹಾಗಾದರೆ ಲಕ್ಷಣೆಗೆ ಮೂಲವಾದ ಸಂಬಂಧವಾವುದು? ದೇಶವನ್ನು ಬಿಟ್ಟವನಿಗೆ ಅಲ್ಲಿ ತನ್ನವರಿಲ್ಲ, ಇಲ್ಲಿಯವರು ಅವನನ್ನು ತಮ್ಮವನೆಂದು ಎಣಿಸುವುದಿಲ್ಲ. ಎರಡು ಕಡೆಯೂ ಕೈಬಿಟ್ಟ ಈ ಸ್ಥಿತಿಯೇ ಆ ಸಂಬಂಧ. ಈ ಅರ್ಥವಿಕಾರದಲ್ಲಿ ಒಂದು ಜನಾಂಗದ ಅನುಭವವು ಅಡಗಿದೆ. ಅದನ್ನು ಪರೀಕ್ಷಿಸಲು ಕೊಡಗಿನ ಕಡೆಯ ಅರಸನ ಮಗಳಾದ ಗೌರಮ್ಮನ ವೃತ್ತಾಂತಕ್ಕಿಂತ ಯೋಗ್ಯವಾದ ಉದಾಹರಣೆ ವಿರಳ. (1912ರಿಂದ 1939ರ ವರೆಗೆ ಬಾಳಿದ ಕಥೆಗಾರ್ತಿ ಕೊಡಗಿನ ಗೌರಮ್ಮನವರು ಬೇರೆ.)

1834ರಲ್ಲಿ ಇಂಗ್ಲಿಷ್ ಕಂಪೆನಿಯವರು ಕೊಡಗನ್ನು ವಶಪಡಿಸಿಕೊಂಡು ಚಿಕ್ಕವೀರರಾಜೇಂದ್ರನನ್ನು ಕಾಶಿಗೆ ಕಳುಹಿಸಿದರು. ಗೌರಮ್ಮನು ಅಲ್ಲಿಯೇ, ಸುಮಾರು 1841ರಲ್ಲಿ ಹುಟ್ಟಿದಳು. ಕಂಪೆನಿಯವರಲ್ಲಿದ್ದ ವಂಶದ ಧನವನ್ನು ನ್ಯಾಯಾಲಯದ ಮೂಲಕ ಪಡೆಯಬೇಕೆಂದು ಅರಸನು 1852ರಲ್ಲಿ ಇಂಗ್ಲೆಂಡಿಗೆ ತೆರಳಿದಾಗ ಈಕೆಯನ್ನೂ ಕರೆದೊಯ್ದನು. ಅದೇ ವರ್ಷ ಜೂನ್ 30ರಂದು ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಆಕೆಗೆ ಕ್ರೈಸ್ತದೀಕ್ಷೆಯಾಯಿತು. ವಿಕ್ಟೋರಿಯಾ ರಾಣಿಯು ತಾನೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನು ಆಕೆಗಿತ್ತಳು. ತಂದೆಯು 1859ರಲ್ಲಿ ಲಂಡನಿನಲ್ಲಿ ಮೃತನಾದನು. 1860ರಲ್ಲಿ ಗೌರಮ್ಮನು ತನಗಿಂತ ಬಹಳ ಹಿರಿಯನಾದ ಕರ್ನಲ್ ಜಾನ್ ಕ್ಯಾಂಪ್‌ಬೆಲ್ಲನನ್ನು ಮದುವೆಯಾಗಿ, ಒಬ್ಬ ಮಗಳನ್ನು ಹೆತ್ತು, 1864ರಲ್ಲಿ ತೀರಿಕೊಂಡಳು. ‘ಕೊಡಗಿನ ರಾಜಕುಮಾರಿ’ ಎಂದು ಅಲ್ಲಿ ಕರೆಸಿಕೊಂಡ ಈಕೆಯು ಕೊಡಗಿನಲ್ಲಿ ಹುಟ್ಟಲಿಲ್ಲ, ಬೆಳೆಯಲಿಲ್ಲ. ಆಕೆ ಯಾವ ನಾಡಿನವಳೆಂದು ಜಗತ್ತಿಗೆ ಪರಿಚಿತಳಾದಳೋ ಆ ನಾಡೇ ಆಕೆಗೆ ಪರದೇಶವಾಗಿದ್ದಿತು.

ಇಂಗ್ಲೆಂಡಿನವರು ಆಕೆಯನ್ನು ಆದರಿಸಲಿಲ್ಲವೆಂದು ಹೇಳಲಾಗದು. ಆದರೆ ಆ ಆದರದ ಸ್ವರೂಪವು ವಿಚಾರಣೀಯವಾಗಿದೆ. ವಿಂಟರ್‌ಹಾಲ್ಟರನು ಆಕೆಯ ಚಿತ್ರವನ್ನು ಬರೆದನು, ಮಾರೊಚೆಟ್ಟಿಯು ಅಮೃತಶಿಲೆಯಲ್ಲಿ ಮೂರ್ತಿಯನ್ನು ಕಡೆದನು. ನಡೆನುಡಿಗಳಲ್ಲಿ ಇಂಗ್ಲಿಷ್ ಕನ್ಯೆಯಾಗಬೇಕೆಂದು ಆಕೆಯನ್ನು ತಿದ್ದುತ್ತಿದ್ದವರಿಗೆ ಚಿತ್ರದಲ್ಲಿ ಮಾತ್ರ ಹಿಂದೂಸ್ಥಾನದ ಉಡುಗೆತೊಡುಗೆಗಳೇ ಬೇಕಾದುವು. ದೀಕ್ಷೆಯ ಬಳಿಕ ಮಗಳು ತಂದೆಯೊಡನೆ ಸ್ವತಂತ್ರವಾಗಿ ಇರುವಂತಿರಲಿಲ್ಲ. ಹಕ್ಕಿಯನ್ನು ಪಂಜರದಲ್ಲಿಟ್ಟು ಹಾಲುಹಣ್ಣುಗಳನ್ನಿಡುವುದೂ ಆದರವೇ. ಹಕ್ಕಿಯ ಪಕ್ಷದಿಂದ ನೋಡಿದಾಗ ಅದಕ್ಕೆ ಬೇರೆ ಹೆಸರು.

ಆಕೆಯ ಸ್ವಭಾವವನ್ನು ಕುರಿತು ಪ್ರಚಾರದಲ್ಲಿರುವ ಸಂಗತಿಗಳಲ್ಲಿ ಅನೇಕವು ಲಾಗಿನ್ ದಂಪತಿಗಳ ಮನೆಯ ಬರಹಗಳಿಂದ ಬಂದವು; ಲೇಡಿ ಲಾಗಿನ್ನಳ ಸ್ಮರಣೆಗಳು 1916ರಲ್ಲಿ ಪ್ರಕಟವಾದುವು. ಈಕೆಯು ಗೌರಮ್ಮನನ್ನು ಕೆಲವು ಕಾಲ ಪಾಲಿಸಿದವಳು. ಗೌರಮ್ಮನ ಗಂಡನಿಗೆ ಸೋದರಿ. ವ್ಯವಹಾರದಲ್ಲಿ ಅರ್ಥಸಂಬಂಧಿಯಾದವನನ್ನು ಸಾಕ್ಷಿಯಾಗಿ ಗ್ರಹಿಸಬಾರದೆಂದು ಮನುವಿನ ಮತ. ಚರಿತ್ರಕಾರನು ಅಷ್ಟು ಕಠಿನನಾಗಬೇಕಾಗಿಲ್ಲ. ಆದರೂ ಪೋಷಕಳ ಮಾತನ್ನು ಪೋಷಿತಳ ಮಾತೆಂದು ತಿಳಿಯುವುದು ತಪ್ಪು. ಗೌರಮ್ಮನ ಪಕ್ಷವನ್ನು ಗೌರಮ್ಮನೇ ಹೇಳಿದ ಗ್ರಂಥವೊಂದಿಲ್ಲದಿರುವಾಗ, ಆಕೆಯ ಶೀಲವನ್ನು ಕುರಿತ ಪ್ರತಿಯೊಂದು ತೀರ್ಪನ್ನೂ ತೂಗಿಯೇ ಸ್ವೀಕರಿಸತಕ್ಕದ್ದು.

ರಾಣಿಯು ಆಕೆಯನ್ನು ಪಂಜಾಬಿನ ಪದಚ್ಯುತ ಮಹಾರಾಜ ದುಲೀಪಸಿಂಹನಿಗೆ ಕೊಡಬೇಕೆಂದು ಬಯಸಿದ್ದಳು. ಒಬ್ಬನು ಸಿಖ್ಖರ ಕುಲದವನು, ಒಬ್ಬಳು ವೀರಶೈವರ ಕುಲದವಳು. ದೇಶಭಾಷೆ ಬೇರೆ, ಕುಲಾಚಾರ ಬೇರೆ. ಇಬ್ಬರೂ ರಾಜ್ಯವನ್ನು ಕಳೆದುಕೊಂಡ ಮನೆಗಳ ಮಕ್ಕಳು, ಇಬ್ಬರೂ ಕ್ರೈಸ್ತರಾದ ಹಿಂದೂಸ್ಥಾನಿಗಳು ಎಂಬುದಿಷ್ಟೇ ಸಾಮ್ಯ. ಅರಮನೆಯವರಿಗೆ ಅಷ್ಟೇ ಸಾಕಾಯಿತು. ದೂರದಿಂದ ನೋಡುವವನಿಗೆ ಬೆಟ್ಟಗಳೆಲ್ಲ ಒಂದೇ ಬಣ್ಣ. ದುಲೀಪನು ಈ ಸಂಬಂಧಕ್ಕೆ ಒಪ್ಪಲಿಲ್ಲ. ಪರದೇಶದಲ್ಲಿ ಸ್ವದೇಶೀಯನು ತಾನಾಗಿ ಆಸರೆಯಾಗುವನೆಂಬ ನಂಬಿಕೆಯು ಇಲ್ಲಿಯೂ ಫಲಿಸಲಿಲ್ಲ.

ಇನ್ನು ಸ್ವದೇಶದ ಕಡೆಗೆ ನೋಡಬೇಕು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ಚಿಕವೀರ ರಾಜೇಂದ್ರ’ವು 1956ರಲ್ಲಿ ಪ್ರಕಟವಾಗಿ, 1983ರಲ್ಲಿ ಅವರಿಗೆ ಜ್ಞಾನಪೀಠ ಗೌರವವು ಬಂದ ಮೇಲೆ ಈ ಅರಸನ ಹೆಸರು ಕನ್ನಡಿಗರಿಗೆಲ್ಲ ತಿಳಿಯಿತು. ಆ ಕೃತಿಯ ಭಾರವು ನ್ಯಾಯವಾಗಿಯೇ ರಾಜ್ಯನಾಶದ ಮೇಲಿದೆ. ಮಗಳ ವಿಚಾರವು ಪ್ರತ್ಯೇಕವಾಗಿ ಉಳಿಯುತ್ತದೆ. ಮತವನ್ನು ಬಿಟ್ಟು, ಕಡಲನ್ನು ದಾಟಿ, ಅನ್ಯಜಾತಿಯವನನ್ನು ವರಿಸಿದವಳ ಕಥೆಯು ಕೊಡಗಿಗೆ ಏತಕ್ಕೆ ಎಂಬುದು ಪೂರ್ವಪಕ್ಷ. ಸ್ಮೃತಿಗಳಾದರೂ ಹೀಗೆ ಹೇಳುವುದಿಲ್ಲ. ಹದಿನಾರು ತುಂಬದವರಿಗೆ ಪ್ರಾಯಶ್ಚಿತ್ತವು ಅರ್ಧವೆಂದೂ, ಹನ್ನೊಂದು ತುಂಬದ ಮಗುವಿನ ಪರವಾಗಿ ಗುರುವೋ ಬಂಧುವೋ ಅದನ್ನು ಆಚರಿಸತಕ್ಕದ್ದೆಂದೂ ವಿಧಿಯಿದೆ. ದೀಕ್ಷೆಯ ಕಾಲಕ್ಕೆ ಗೌರಮ್ಮನಿಗೆ ಸುಮಾರು ಹನ್ನೊಂದು ವರ್ಷ. ಅದಕ್ಕೆ ಒಪ್ಪಿದವನು ತಂದೆ. ಮ್ಲೇಚ್ಛರ ವಶದಲ್ಲಿ ಬಹುವರ್ಷವಿದ್ದವರನ್ನು ಕೂಡ ಮರಳಿ ಸೇರಿಸಿಕೊಳ್ಳುವ ಮಾರ್ಗವನ್ನು ದೇವಲನು ಹೇಳಿದ್ದಾನೆ. ವೀರಶೈವರಿಗೆ ಸ್ಮೃತಿಯು ಎಷ್ಟರಮಟ್ಟಿಗೆ ಪ್ರಮಾಣವೆಂಬುದು ಬೇರೆ ಪ್ರಶ್ನೆ; ಸ್ಮೃತಿಯನ್ನೇ ಆಯುಧವಾಗಿ ಹಿಡಿದು ದೂಷಿಸುವವರಿಗೆ ಸ್ಮೃತಿಯಿಂದಲೇ ಉತ್ತರವಿದೆಯೆಂಬುದಿಷ್ಟೇ ಇಲ್ಲಿ ಪ್ರಕೃತ.

ಸಮುದ್ರಯಾನವನ್ನು ಬೌಧಾಯನನು ಪತನೀಯಗಳಲ್ಲಿ ಎಣಿಸಿರುವುದು ನಿಜ. ಮನುವೂ ಸಮುದ್ರಯಾಯಿಯನ್ನು ಶ್ರಾದ್ಧದ ಪಂಕ್ತಿಯಿಂದ ಹೊರಗಿಟ್ಟನು. ಆದರೆ ಅದೇ ಮನುವು ಸಮುದ್ರಯಾನದಲ್ಲಿ ಕುಶಲರಾದವರು ಗೊತ್ತುಮಾಡಿದ ವೃದ್ಧಿಯೇ ಪ್ರಮಾಣವೆಂದು ವ್ಯವಹಾರಾಧ್ಯಾಯದಲ್ಲಿ ವಿಧಿಸುತ್ತಾನೆ. ಊಟಕ್ಕೆ ಬೇಡವಾದವನು ಲೆಕ್ಕಕ್ಕೆ ಬೇಕಾದನು. ಧನವು ಗ್ರಾಹ್ಯ, ಜನವು ತ್ಯಾಜ್ಯ ಎಂಬ ಈ ನೀತಿಯು ಗ್ರಂಥದಲ್ಲಿಯೇ ಉಳಿಯಲಿಲ್ಲ. 1888ರಲ್ಲಿ ಇಂಗ್ಲೆಂಡಿಗೆ ಹೊರಟ ಗಾಂಧಿಯವರನ್ನು ಅವರ ಮೋಢ ವಣಿಕರ ಕುಲದವರು ಮುಂಬಯಿಯಲ್ಲಿ ಸಭೆಸೇರಿ ಬಹಿಷ್ಕರಿಸಿದರು. ಇಂದು ಅಂತಹ ಬಹಿಷ್ಕಾರವಿಲ್ಲ. ಆದರೂ ಹೊರದೇಶದಲ್ಲಿ ದುಡಿಯುವವನು ಕಳುಹಿಸಿದ ಹಣದಿಂದ ಮನೆಯನ್ನು ಕಟ್ಟಿ, ಅವನು ಊರಿಗೆ ಬಂದಾಗ ಅವನ ಮಕ್ಕಳ ತೊದಲುಗನ್ನಡವನ್ನು ಕೇಳಿ ನಗುವ ಬಂಧುಗಳು ಆ ಪಂಕ್ತಿಯಲ್ಲಿಯೇ ಕುಳಿತಿದ್ದಾರೆ.

ಗೌರಮ್ಮನು ತೀರಿಕೊಂಡ ಸುಮಾರು ತೊಂಬತ್ತು ವರ್ಷಗಳ ಮೇಲೆ ಕೊಡಗಿನವರೇ ಆದ ಜನರಲ್ ಕೆ. ಎಂ. ಕಾರಿಯಪ್ಪನವರು 1953ರಿಂದ 1956ರ ವರೆಗೆ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡುಗಳಲ್ಲಿ ಭಾರತದ ಹೈಕಮಿಷನರಾಗಿದ್ದರು. ಬಿಳಿಯರಲ್ಲದವರನ್ನು ಹೊರಗಿಡುವ ನೀತಿಯು ಅಲ್ಲಿ 1901ರ ಶಾಸನದಿಂದ ನಡೆದುಬಂದಿದ್ದಿತು. ಕಾರಿಯಪ್ಪನವರು ಅದನ್ನು ಬಹಿರಂಗವಾಗಿ ಆಕ್ಷೇಪಿಸಿದರು. 1973ರಲ್ಲಿ ಅದು ಪೂರ್ಣವಾಗಿ ಕೊನೆಗಂಡಿತು. ಇಬ್ಬರೂ ಕೊಡಗಿನ ಹೆಸರನ್ನು ಹೊತ್ತು ಕಡಲಾಚೆ ನಿಂತವರೇ. ಒಬ್ಬರು ಮಾತನಾಡಿದರು, ಒಬ್ಬಳು ಮಾತನಾಡಲಾರದೆ ಹೋದಳು. ಭೇದವು ಧೈರ್ಯದಲ್ಲಿಯೇ ಇದ್ದಿತೆನ್ನಲಾಗದು. ಒಬ್ಬರ ಬೆನ್ನಿಗೆ ಒಂದು ದೇಶವಿದ್ದಿತು, ಇನ್ನೊಬ್ಬಳಿಗೆ ಅದಿರಲಿಲ್ಲ.

ಇದರಿಂದ ಶಬ್ದಾರ್ಥವೂ ನಿರ್ಣಯವಾಗುತ್ತದೆ. ಇಕ್ಕೇರಿಯ ಮನೆತನದ ಶಾಖೆಯೆಂದು ಹೇಳಲ್ಪಡುವ ಹಾಲೇರಿಯ ವಂಶದವರು ಕೊಡಗಿಗೆ ಹೊರಗಿನಿಂದ ಬಂದವರೇ. ಕೊಡಗು ಅವರನ್ನು ತನ್ನವರೆಂದಿತು. ಎರಡು ಶತಮಾನಗಳಿಗೂ ಮಿಕ್ಕಿ ಅವರು ಅಲ್ಲಿ ಆಳಿದರು. ಅವರ ಕುಲದ ಕುಡಿಯೊಂದು ಹೊರಗೆ ಹೋದಾಗ ಆಕೆಯನ್ನು ತನ್ನವಳೆನ್ನುವವರಿಲ್ಲವಾದರು. ಆದುದರಿಂದ ಪರದೇಶವನ್ನು ಸೇರಿದ ಮಾತ್ರಕ್ಕೆ ಮನುಷ್ಯನು ಪರದೇಶಿಯಾಗುವುದಿಲ್ಲ. ಇವನು ನಮ್ಮವನಲ್ಲವೆಂದು ಸ್ವದೇಶವು ಹೇಳಿದಂದೇ ಆಗುತ್ತಾನೆ. ಕನ್ನಡದ ರೂಢಿಯು ಸಂಸ್ಕೃತದ ಯೋಗಾರ್ಥವನ್ನು ಮೀರಿ ಈ ಸತ್ಯವನ್ನು ಹಿಡಿದಿದೆ. ಮಡಿಕೇರಿಯ ಗದ್ದಿಗೆಯಲ್ಲಿ ದೊಡ್ಡವೀರರಾಜೇಂದ್ರನೂ ಲಿಂಗರಾಜೇಂದ್ರನೂ ಮಲಗಿದ್ದಾರೆ. ಚಿಕ್ಕವೀರನು ಲಂಡನಿನ ಕೆನ್ಸಲ್ ಗ್ರೀನಿನಲ್ಲಿ, ಮಗಳು ಅದೇ ನಗರದ ಬ್ರಾಂಪ್ಟನಿನಲ್ಲಿ. ಅವರ ಅಸ್ಥಿಗಳನ್ನು ತರುವುದು ಸಾಧ್ಯವೋ ಅಲ್ಲವೋ. ಕೊಡಗಿನ ಚರಿತ್ರೆಯಲ್ಲಿ ಗೌರಮ್ಮನ ಹೆಸರನ್ನು ಆಕೆಯ ಕುಲದ ಪಂಕ್ತಿಯಲ್ಲಿಯೇ ಬರೆಯುವುದು ಸಾಧ್ಯವಿದೆ, ಯುಕ್ತವೂ ಆಗಿದೆ.