ಎಲ್ಲಿಗೂ ಇಲ್ಲ, ಇಲ್ಲೇ ಸುಮ್ನೆ

ಸುಮ್ಮನೆ ನಡೆಯಲು ಹೊರಟವರಿಗೆ ಮೊದಲ ತಡೆ ಗೇಟಿನ ಬಳಿಯೇ. 'ಎಲ್ಲಿಗೆ ಹೊರಟ್ರಿ?' ಎಂದು ಪಕ್ಕದ ಮನೆಯವರು ಕೇಳಿಯೇ ಕೇಳುತ್ತಾರೆ. 'ಎಲ್ಲಿಗೂ ಇಲ್ಲ, ಇಲ್ಲೇ ಸುಮ್ನೆ' ಎಂದು ನಿಜ ಹೇಳಿದರೆ ನಂಬುವುದಿಲ್ಲ. ಮನೆಯಲ್ಲಿ ಜಗಳವಾಗಿರಬೇಕು, ಇಲ್ಲವೇ ಡಾಕ್ಟರು ಶುಗರ್ ಜಾಸ್ತಿ ಅಂದಿರಬೇಕು ಎಂದುಕೊಳ್ಳುತ್ತಾರೆ. ಹೊಸಬರು ಒಂದು ಬಟ್ಟೆ ಚೀಲ ಹಿಡಿದು ಹೊರಡುವುದು ಕ್ಷೇಮ. ಚೀಲ ಕಂಡರೆ ಸಾಕು, ಕೊತ್ತಂಬರಿ ಸೊಪ್ಪಿಗೆ ಹೊರಟಿದ್ದಾರೆ ಎಂದು ಬೀದಿಗೆ ಬೀದಿಯೇ ಸಮಾಧಾನವಾಗುತ್ತದೆ. ಹೆಂಗಸರಿಗಂತೂ ಈ ಚೀಲ ಇನ್ನೂ ಅಗತ್ಯ. ಗಂಡಸು ಮೂಲೆಯಲ್ಲಿ ಅರ್ಧ ಗಂಟೆ ನಿಂತರೂ ಯಾರೂ ತಿರುಗಿ ನೋಡದ ಊರಿನಲ್ಲಿ ಹೆಂಗಸು ಎರಡು ನಿಮಿಷ ನಿಂತರೆ ಹತ್ತು ಕಣ್ಣು ಬೀಳುತ್ತವೆ. ಈ ಅನ್ಯಾಯಕ್ಕೆ ಚೀಲ ಪರಿಹಾರವಲ್ಲ, ನೆಪ ಅಷ್ಟೇ.

ಅಭ್ಯಾಸಕ್ಕೆ ಮೈಸೂರಿನಂಥ ಊರಿಲ್ಲ ಎಂಬುದು ನನ್ನ ಪಕ್ಷಪಾತ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಗೆ ಹೋಗಿ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ. ಈ ದಡದಲ್ಲಿ ಅಡ್ಡಾಡುತ್ತಿದ್ದ ಕುವೆಂಪು ಅವರೇ ಪಕ್ಕದ ವಿಶ್ವವಿದ್ಯಾಲಯದ ಆವರಣಕ್ಕೆ ಮಾನಸ ಗಂಗೋತ್ರಿ ಎಂದು ಹೆಸರಿಟ್ಟರು. ಈಗ ಅಲ್ಲಿ ಬಹಳ ಮಂದಿ ಬರುವುದು 'ವಾಕಿಂಗ್'ಗೆ: ಕೈಗೆ ಹೆಜ್ಜೆ ಎಣಿಸುವ ವಾಚು, ಕಿವಿಗೆ ಇಯರ್‌ಫೋನು, ಕಣ್ಣು ಮುಂದಿನವರ ಬೆನ್ನ ಮೇಲೆ. ಅದು ಒಳ್ಳೆಯದೇ, ನಮ್ಮ ವಿಷಯ ಬೇರೆ. ಅವರು ಸುತ್ತು ಮುಗಿಸುವ ಹೊತ್ತಿಗೆ ನೀವು ಒಂದು ಹೆಜ್ಜಾರ್ಲೆ ನೀರಿಗಿಳಿಯುವುದನ್ನು ನೋಡಿ. ಆ ಭಾರದ ಹಕ್ಕಿ ನಾಲ್ಕು ಸಲ ರೆಕ್ಕೆ ಬಡಿದು, ಆಮೇಲೆ ರೆಕ್ಕೆ ಚಾಚಿ ಹಿಡಿದು, ನೀರಿಗೆ ತಾಗಿತೋ ಇಲ್ಲವೋ ಎಂಬಷ್ಟು ಕೆಳಗೆ ಬಹುದೂರ ತೇಲುತ್ತದೆ. ಕೊನೆಗೆ ಎರಡೂ ಕಾಲು ಮುಂದೆ ಚಾಚಿ ನೀರನ್ನು ಉಜ್ಜುತ್ತಾ ನಿಲ್ಲುತ್ತದೆ. ನಿಂತ ಮೇಲೆ ಏನೂ ಆಗಿಲ್ಲವೆಂಬಂತೆ ಕೊಕ್ಕನ್ನು ಎದೆಗೆ ಒತ್ತಿಕೊಳ್ಳುತ್ತದೆ. ಇಷ್ಟು ನೋಡಬೇಕಾದರೆ ದಾರಿಯ ನಡುವೆ ನಿಲ್ಲಬೇಕು, ಹಿಂದಿನಿಂದ ಬಂದವರ 'ಸೈಡ್ ಸೈಡ್' ಕೇಳಿಸಿಕೊಳ್ಳಬೇಕು. ನಾಚಿಕೆಯಿಲ್ಲದೆ ನಿಲ್ಲಲು ಬಂದರೆ ಅರ್ಧ ವಿದ್ಯೆ ಬಂದ ಹಾಗೆ.

ರಾಗದ ಆಲಾಪನೆ ಕೇಳುತ್ತಾ ಕೂತವರು ಪಲ್ಲವಿ ಯಾವಾಗ ಬರುತ್ತದೆ ಎಂದು ಚಡಪಡಿಸುವುದಿಲ್ಲ. ಇಲ್ಲಿಯೂ ಹಾಗೆ: ತಲುಪಬೇಕಾದ್ದು ಒಂದು ಇದೆ ಎಂದು ಮನಸ್ಸಿಗೆ ಬಂದ ಕೂಡಲೇ ಕಾಲು ಬಿರುಸಾಗುತ್ತದೆ, ಕಣ್ಣು ಮಂಕಾಗುತ್ತದೆ. ಅದಕ್ಕೇ ನೋಡಲೇಬೇಕಾದ ಸ್ಥಳಗಳ ಪಟ್ಟಿ ಬೇಡ. ಅರಮನೆಗೆ ಇನ್ನೊಂದು ದಿನ ಹೋದರಾಯಿತು.

ಬದಲಿಗೆ ಹಳೆಯ ಬಡಾವಣೆಗಳ ಕನ್ಸರ್ವೆನ್ಸಿ ಗಲ್ಲಿಗಳಿಗೆ ನುಗ್ಗಿ. ಪ್ಲೇಗ್ ಮಾರಿ ಊರನ್ನು ಕಾಡಿದ ಮೇಲೆ, 1903ರಲ್ಲಿ ಮೈಸೂರಿಗೆ ನಗರ ಸುಧಾರಣೆಯ ಟ್ರಸ್ಟ್ ಬೋರ್ಡ್ ಬಂತು. ಗಾಳಿ ಬೆಳಕು ಆಡುವ ನೇರ ರಸ್ತೆಗಳಾದವು. ಮನೆಸಾಲುಗಳ ಬೆನ್ನಿಗೆ ಇಂಥ ಓಣಿಗಳನ್ನೂ ಬಿಟ್ಟರು. ಹಿತ್ತಲ ಕಕ್ಕಸಿನ ಮಲವನ್ನು ಹೊತ್ತೊಯ್ಯುವವರು ಓಡಾಡಲು ಬಿಟ್ಟ ಜಾಗ ಇದು. ಮುಂಬಾಗಿಲ ರಂಗೋಲಿಯ ಕಡೆಗೆ ಅವರು ಸುಳಿಯಬಾರದಿತ್ತು. ಹಳೇ ಮೈಸೂರಿನ ಸೊಬಗನ್ನು ಹಾಡಿ ಹೊಗಳುವವರು ಈ ಗಲ್ಲಿಯಲ್ಲಿ ಒಂದು ಸಲ ನಡೆದು ಆಮೇಲೆ ಹಾಡಲಿ. ಈಗ ಆ ಕೆಲಸ ಹೋಗಿದೆ, ಓಣಿ ಉಳಿದಿದೆ. ಕಕ್ಕಸಿನ ಪುಟ್ಟ ಬಾಗಿಲಿದ್ದ ಜಾಗವನ್ನು ಇಟ್ಟಿಗೆಯಿಂದ ಮುಚ್ಚಿರುತ್ತಾರೆ. ಗಾರೆ ಬೇರೆ ಕಾಲದ್ದಾದ್ದರಿಂದ ಚೌಕ ಗುರುತು ಮಾತ್ರ ಕಾಣುತ್ತದೆ. ನುಗ್ಗೆಮರ ಗೋಡೆ ದಾಟಿ ಯಾರದೆಂದು ತಿಳಿಯದಂತೆ ಬಾಗಿರುತ್ತದೆ. ಒಂದು ಕಿಟಕಿಯಲ್ಲಿ ಇಂಗಿನ ಒಗ್ಗರಣೆ, ಮುಂದಿನದರಲ್ಲಿ ಬೆಳ್ಳುಳ್ಳಿ, ಇನ್ನೊಂದರಲ್ಲಿ ಕುಕ್ಕರಿನ ಕೂಗಿನ ಮೇಲೆ 'ಎದ್ದೇಳೋ, ಸ್ಕೂಲ್ ಬಸ್ ಬಂತು.' ರಸ್ತೆಯ ಕಡೆ ಗ್ರಾನೈಟ್ ಅಂಟಿಸಿ ಮೂರು ಮಹಡಿ ಏರಿಸಿದವರೂ ಹಿಂದೆ ಅಜ್ಜನ ಕಾಲದ ನೀರೊಲೆಯ ಹೊಗೆಗೂಡನ್ನು ಹಾಗೇ ಬಿಟ್ಟಿರುತ್ತಾರೆ. ಮನೆಗಳ ಕತೆ ಇರುವುದು ಹಿತ್ತಲಲ್ಲಿ. ಇಣುಕುವುದು ಬೇಡ; ನಡೆಯುತ್ತಾ ಕಣ್ಣಿಗೆ ಮೂಗಿಗೆ ತಾನಾಗಿ ಬಿದ್ದದ್ದು ನಿಮ್ಮದು.

ಸಂಜೆ ದೇವರಾಜ ಮಾರುಕಟ್ಟೆ. ಇಲ್ಲಿ ಚೀಲ ತೊಂದರೆ ಕೊಡುತ್ತದೆ, ಪ್ರತಿ ಅಂಗಡಿಯವರೂ ಕರೆಯುತ್ತಾರೆ. ಮಡಿಸಿ ಜೇಬಿಗೆ ಹಾಕಿಕೊಳ್ಳಿ. ಹೂವಿನ ಸಾಲಿನಲ್ಲಿ ಕಟ್ಟುವವರ ಬೆರಳನ್ನೇ ನೋಡಿ: ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ದಾರ ಒಂದು ಸುತ್ತು ಬಂದು ಬಿಗಿಯುತ್ತದೆ, ಕಟ್ಟುವವರ ಕಣ್ಣು ಮಾತ್ರ ಗಿರಾಕಿಯ ಮೇಲೆ. ಮೊಳ ಹಾಕುವಾಗ ಮೊಣಕೈಯಿಂದ ಬೆರಳ ತುದಿಗೆ ಅಳೆಯುತ್ತಾರೆ. ಕುಳ್ಳಗಿರುವವರ ಅಂಗಡಿಯಲ್ಲಿ ಮೊಳವೂ ಕುಳ್ಳ. ಉದ್ದ ಕೈಯವರನ್ನು ಹುಡುಕಿ ಹೋಗುವ ಗಿರಾಕಿಗಳಿದ್ದಾರೆ. ಕಟ್ಟಡವನ್ನು ಕೆಡವಬೇಕೋ ಉಳಿಸಬೇಕೋ ಎಂಬ ವ್ಯಾಜ್ಯ ವರ್ಷಗಳಿಂದ ಎಳೆದಾಡುತ್ತಿದೆ, ನೋಡುವವರು ಬೇಗ ನೋಡಿ. ಅಲ್ಲಿಂದ ಅರಮನೆಯ ಕಡೆ ಬಂದರೆ 1927ರ ದೊಡ್ಡ ಗಡಿಯಾರ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ ಇಪ್ಪತ್ತೈದು ತುಂಬಿದ ನೆನಪಿನದು. ಅದರ ಮುಖದ ಮೇಲಿರುವುದು ಕನ್ನಡದ ಅಂಕಿಗಳು. ಸ್ಕೂಟರಿನಲ್ಲಿ ದಿನಾ ಅದರ ಕೆಳಗೇ ಹಾಯುವವರಲ್ಲಿ ಎಷ್ಟು ಜನ ಗಮನಿಸಿದ್ದಾರೋ, ಕೇಳಿ ನೋಡಿ.

ಸೈಕಲ್ಲಿನ ಬಗ್ಗೆ ಕೇಳುವವರಿಗೆ: ಗಲ್ಲಿಗೆ ಕಾಲು, ಬಯಲಿಗೆ ಸೈಕಲ್ಲು. ಲಲಿತಮಹಲ್ ಕಡೆಯ ಅಗಲ ರಸ್ತೆಯಲ್ಲಿ ಪೆಡಲ್ ತುಳಿಯದೆ ಸುಮ್ಮನೆ ಬಿಟ್ಟಾಗ ಹಿಂದಿನ ಚಕ್ರದ ಟಿಕಟಿಕ ಮಾತ್ರ ಕೇಳುತ್ತದಲ್ಲ, ಅದಕ್ಕಾಗಿಯೇ ಹೋಗಬೇಕು. 2017ರ ಜೂನ್‌ನಲ್ಲಿ ಶುರುವಾದ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ಲು ಊರಿಗೆ ಒಳ್ಳೆಯದನ್ನೇ ಮಾಡಿತು. ಅಲೆಮಾರಿಗೆ ಮಾತ್ರ ಅದರದೊಂದು ಕಿರಿಕಿರಿ: ಯಾವುದಾದರೂ ಸ್ಟ್ಯಾಂಡಿಗೆ ಒಯ್ದು ನಿಲ್ಲಿಸಬೇಕು, ಅಂದರೆ ಗುರಿ ಬಂತು. ಸ್ವಂತದ್ದಿದ್ದರೆ ಮೇಲು, ಗೇರು ಬೇಡ. ಹೆಲ್ಮೆಟ್ಟು ತೊಟ್ಟು ಗುಂಪಾಗಿ ನಸುಕಿಗೇ ಹೊರಡುವವರ ಜೊತೆ ಸೇರಿದರೆ ನಿಮ್ಮನ್ನು ಶ್ರೀರಂಗಪಟ್ಟಣ ಮುಟ್ಟಿಸಿಯೇ ಬಿಡುತ್ತಾರೆ.

ಜೊತೆಗಾರರ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಸೈಟಿನ ಬೆಲೆ ಮಾತಾಡುವವರು ಬೇಡ, ಫೋಟೊ ತೆಗೆಯುವವರೂ ಅಷ್ಟೇನೂ ಬೇಡ. ನೀವು ನಿಂತಾಗ 'ಏನಾಯ್ತು?' ಎಂದು ಕೇಳದೆ ತಾವೂ ನಿಲ್ಲುವವರು ಸಿಕ್ಕರೆ ಬಿಡಬೇಡಿ.

ದಾರಿ ತಪ್ಪಿದರೆ ಫೋನಿನ ನಕ್ಷೆ ತೆಗೆಯುವ ಮೊದಲು ಮೂಲೆಯ ಇಡ್ಲಿ ಗಾಡಿಯವರನ್ನು ಕೇಳಿ. 'ಸೀದಾ ಹೋಗಿ, ಶಾಂತಲಾ ಟಾಕೀಸ್ ಹತ್ರ ಎಡಕ್ಕೆ' ಎನ್ನುತ್ತಾರೆ. ಶಾಂತಲಾ 2020ರಲ್ಲೇ ಮುಚ್ಚಿತು. ಆದರೂ ದಾರಿ ಸರಿಯಾಗಿಯೇ ಹೇಳಿರುತ್ತಾರೆ. ಟಾಕೀಸ್ ಎಲ್ಲಿತ್ತು ಎಂದು ಇನ್ನೊಬ್ಬರನ್ನು ಕೇಳಿಕೊಂಡರೆ ಆಯಿತು, ಅವರಿಗೆ ಅಲ್ಲಿ ನೋಡಿದ ಸಿನಿಮಾ ಯಾವುದೆಂದೂ ನೆನಪಿರುತ್ತದೆ.