'ಆತ್ಮಾಭಿವ್ಯಕ್ತಿ' ಎಂಬ ಮಾತು ಮತ್ತು ಪಂಪನ ಕಾವ್ಯ

ಇಂಗ್ಲಿಷಿನ 'ಸೆಲ್ಫ್ ಎಕ್ಸ್‌ಪ್ರೆಷನ್' ಎಂಬ ನುಡಿಗಟ್ಟು ನಮ್ಮ ವಿಮರ್ಶೆಯಲ್ಲಿ 'ಆತ್ಮಾಭಿವ್ಯಕ್ತಿ'ಯಾಗಿ ನೆಲೆಗೊಂಡಿದೆ. ಕವಿ ತನ್ನ ಅಂತರಂಗದ ಭಾವಗಳನ್ನು ಹೊರಗೆಡಹುವುದೇ ಕಾವ್ಯವೆಂಬುದು ಅದರ ತಾತ್ಪರ್ಯ. ನವೋದಯದ ಭಾವಗೀತೆಗೆ ಇದು ಒಪ್ಪುವ ಮಾತೇ ಸರಿ. ಆದರೆ ಹತ್ತನೆಯ ಶತಮಾನದ ಕವಿಗೂ ಇದನ್ನೇ ಅನ್ವಯಿಸಿ, ಆ ಬಳಿಕ ಕಾವ್ಯವನ್ನು ಕವಿಚರಿತ್ರೆಗೆ ಆಧಾರವಾಗಿ ಹಿಡಿಯುವುದು ಚರಿತ್ರೆಯ ವಿದ್ಯಾರ್ಥಿ ಸುಮ್ಮನೆ ಒಪ್ಪತಕ್ಕ ಕ್ರಮವಲ್ಲ.

ಮೊದಲು ಶಬ್ದವನ್ನೇ ನೋಡೋಣ. ಇಂಗ್ಲಿಷ್ ಪದದ ಲ್ಯಾಟಿನ್ ಮೂಲಕ್ಕೆ ಒತ್ತಿ ಹೊರತೆಗೆಯುವುದೆಂದು ಅರ್ಥ. ನಮ್ಮ 'ಅಭಿವ್ಯಕ್ತಿ' ಹಾಗಲ್ಲ. ಕತ್ತಲೆಯಲ್ಲಿದ್ದ ಗಡಿಗೆಯನ್ನು ದೀಪವು ತೋರುವಂತೆ, ಇದ್ದುದನ್ನು ಕಾಣಿಸುವುದು ಅದು. ಅಭಿನವಗುಪ್ತನ ಮತದಲ್ಲಿ ರಸವು ಅಭಿವ್ಯಕ್ತವಾಗುವುದು ಸಹೃದಯನಲ್ಲಿ. ಇಂಗ್ಲಿಷ್ ಪದಕ್ಕೆ ಇದನ್ನು ಸಮಾನಪದವಾಗಿ ಇಟ್ಟಾಗ ಕಾವ್ಯದ ಕೇಂದ್ರ ಸಹೃದಯನಿಂದ ಕವಿಗೆ ಸರಿಯಿತು. ಪದ ಹಳೆಯದಾದುದರಿಂದ ಅರ್ಥ ಹೊಸದೆಂಬುದು ಮರೆಯಾಯಿತು. (ಸಂವಿಧಾನದ 19ನೆಯ ಅನುಚ್ಛೇದದ 'ಅಭಿವ್ಯಕ್ತಿ ಸ್ವಾತಂತ್ರ್ಯ'ದಲ್ಲಿಯೂ ಇರುವುದು ಹೊಸ ಅರ್ಥವೇ. ಅಲ್ಲಿ ಅದರಿಂದ ತೊಡಕಿಲ್ಲ.)

ಇನ್ನು ಪಂಪ. 941ರ ಸುಮಾರಿನ 'ವಿಕ್ರಮಾರ್ಜುನ ವಿಜಯ'ದಲ್ಲಿ ದ್ರೌಪದಿ ಅರ್ಜುನನೊಬ್ಬನ ಪತ್ನಿ. ಕೊನೆಯಲ್ಲಿ ಅವನೊಡನೆ ಪಟ್ಟವೇರುವವಳು ಸುಭದ್ರೆ. ಈ ಮಾರ್ಪಾಟನ್ನು ಕವಿಯ ವೈಯಕ್ತಿಕ ನೀತಿದೃಷ್ಟಿಯ ಅಭಿವ್ಯಕ್ತಿಯೆಂದರೆ ಕೇಳುವುದಕ್ಕೇನೋ ಚೆನ್ನ. ಆದರೆ ವೇಮುಲವಾಡದ ಅರಿಕೇಸರಿಯನ್ನು ಅರ್ಜುನನೊಡನೆ ಒಂದಾಗಿಸಬೇಕಾದ ಆಸ್ಥಾನಕವಿ, ಅವನ ರಾಣಿಯನ್ನು ಐವರ ಪತ್ನಿಯಾಗಿ ಚಿತ್ರಿಸುವುದೆಂತು? ಹೆಚ್ಚುಕಡಿಮೆ ಅದೇ ಕಾಲದಲ್ಲಿ ಅದೇ ಲೇಖನಿ ವೈರಾಗ್ಯದಲ್ಲಿ ನಿಲ್ಲುವ 'ಆದಿಪುರಾಣ'ವನ್ನೂ ಬರೆಯಿತು. ಎರಡೂ ಆತ್ಮಾಭಿವ್ಯಕ್ತಿಯಾದರೆ ಆ ಆತ್ಮ ಯಾವುದು? ಒಂದರಲ್ಲಿ ಲೌಕಿಕವನ್ನೂ ಇನ್ನೊಂದರಲ್ಲಿ ಜಿನಾಗಮವನ್ನೂ ಬೆಳಗುವೆನೆಂದು ಪಂಪನೇ ವಿಭಾಗಿಸಿ ಹೇಳಿರುವಾಗ, ಬೆಳಗುವುದೆಂಬ ಅವನ ಕಲ್ಪನೆ ದೀಪದ ಉಪಮೆಗೆ ಹತ್ತಿರವೇ ಹೊರತು ಒತ್ತಿ ತೆಗೆಯುವುದಕ್ಕಲ್ಲ.

ಕರ್ಣನ ವಿಷಯ ಬೇರೆ. ಶತ್ರು ದೊಡ್ಡವನಾದಷ್ಟೂ ನಾಯಕ ದೊಡ್ಡವನಾಗುವನೆಂಬ ವಾದ ಉಂಟು. ಆದರೂ ಕರ್ಣನಿಗೆ ಅಲ್ಲಿ ಸಂದ ಗೌರವ ಆಸ್ಥಾನದ ಅಗತ್ಯವನ್ನು ಮೀರಿದ್ದು. ಕವಿಯ ಸ್ವಂತ ಒಲವು ಇಲ್ಲಿ ಕಾಣುತ್ತದೆಂದು ನಾನು ಒಪ್ಪುತ್ತೇನೆ. ಆದರೆ ಆಸ್ಥಾನದ ಕಟ್ಟಳೆ ಎಷ್ಟೆಂದು ಮೊದಲು ಅಳೆದವನಿಗೆ ಮಾತ್ರ ಅದನ್ನು ಮೀರಿದ್ದು ಎಷ್ಟೆಂದು ತಿಳಿದೀತು. ಪಂಪನ ಬಾಳಿನ ಸಂಗತಿ ಬೇಕಾದವರಂತೂ ಅವನ ಪಾತ್ರಗಳ ಮನಸ್ಸನ್ನು ಕೆದಕುವ ಮುನ್ನ, ಇಂದಿನ ತೆಲಂಗಾಣದ ಕುರಿಕ್ಯಾಲದ ಬಳಿ ಅವನ ತಮ್ಮ ಜಿನವಲ್ಲಭ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲಿಯೂ ಬಂಡೆಯ ಮೇಲೆ ಬರೆಸಿದ ಶಾಸನವನ್ನು ಓದಬೇಕು.